ಸ್ಟ್ಯಾಂಡಿನಲ್ಲಿ ಅಜ್ಜನಿಗೊಂದು ಜಾಗ

ಸ್ಕಾಟ್ಲೆಂಡಿನ ರಗ್ಬಿ ತಂಡದ ಪರ 61 ಟೆಸ್ಟ್ ಆಡಿದ ಡೊಡ್ಡಿ ವಿಯರ್ ಆರೂವರೆ ಅಡಿ ಎತ್ತರದ ಆಳು. 2016ರ ಕೊನೆಗೆ ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಇರುವುದು ಗೊತ್ತಾಯಿತು. ನರಗಳು ಒಂದೊಂದಾಗಿ ಸೋಲುತ್ತ ಕೈಕಾಲು, ಮಾತು, ನುಂಗುವ ಶಕ್ತಿ, ಕೊನೆಗೆ ಉಸಿರಾಟವನ್ನೂ ಕಸಿದುಕೊಳ್ಳುವ ರೋಗ ಅದು. ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. 2017ರ ನವೆಂಬರ್‌ನಲ್ಲಿ ಎಡಿನ್‌ಬರೋದ ಮರ್ರಿಫೀಲ್ಡ್ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧದ ಪಂದ್ಯಕ್ಕೆ ಚೆಂಡು ತಂದುಕೊಟ್ಟವರು ಅವರೇ. ಮೂವರು ಗಂಡುಮಕ್ಕಳ ಜೊತೆ ನಡೆದುಕೊಂಡೇ ಬಂದಿದ್ದರು. ಐದು ವರ್ಷದ ಬಳಿಕ, 2022ರ ನವೆಂಬರ್ 13ರಂದು, ಅದೇ ಮೈದಾನಕ್ಕೆ, ಅದೇ ಎದುರಾಳಿಯ ಪಂದ್ಯಕ್ಕೆ ಮತ್ತೆ ಬಂದರು. ಈ ಸಲ ಗಾಲಿಕುರ್ಚಿಯಲ್ಲಿ, ಮನೆಯವರ ನಡುವೆ. ಅದಾಗಿ 13 ದಿನಕ್ಕೆ ತೀರಿಕೊಂಡರು. ವಯಸ್ಸು 52.

ಎರಡೂ ಪಂದ್ಯಗಳಲ್ಲಿ ಸ್ಕಾಟ್ಲೆಂಡ್ ಸೋತಿತು. ಮೊದಲ ಸಲ 17-22, ಎರಡನೆಯ ಸಲ 23-31. ಆದರೆ ಅಲ್ಲಿದ್ದವರು ಇವತ್ತಿಗೂ ನೆನೆಯುವುದು ಅಂಕಗಳನ್ನಲ್ಲ.

ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರು ‘ಒಂದು ಮ್ಯಾಚ್ ನೋಡಬೇಕಿತ್ತು’ ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಮೊದಲು ಹುಷಾರಾಗಿ, ಆಮೇಲೆ ನೋಡೋಣ.’ ಜ್ವರಕ್ಕೆ, ಮುರಿದ ಕಾಲಿಗೆ ಈ ಮಾತು ಸರಿ. ಮೈತುಂಬ ಹರಡಿದ ಕ್ಯಾನ್ಸರಿಗೆ, ಸೋಲುತ್ತಿರುವ ಹೃದಯಕ್ಕೆ, ಆಮ್ಲಜನಕದ ನಳಿಗೆ ಬಿಟ್ಟಿರಲಾಗದ ಶ್ವಾಸಕೋಶಕ್ಕೆ ಸರಿಯಲ್ಲ. ಇಂಥ ಕಾಯಿಲೆಗಳಲ್ಲಿ, ಇನ್ನು ಬರಲಿರುವ ದಿನಗಳಿಗೆ ಹೋಲಿಸಿದರೆ ಇವತ್ತೇ ಹೆಚ್ಚು ಹುಷಾರಾಗಿರುವ ದಿನ ಆಗಿರುವ ಸಾಧ್ಯತೆ ಹೆಚ್ಚು. ಹೋಗಬೇಕೆಂದಿದ್ದರೆ ಬೇಗ ಹೋಗಬೇಕು. ದೊಡ್ಡ ಪಂದ್ಯಕ್ಕೆ ಕಾಯದೆ, ಕೈಗೆಟಕುವ ಪಂದ್ಯಕ್ಕೆ ಹೋಗಬೇಕು. ಲೋಕದ ಬೇರೆ ಬೇರೆ ಕಡೆ ಇದನ್ನು ಮಾಡಿ ತೋರಿಸಿದವರ ಅನುಭವ ಹೇಳುವುದು ಇದನ್ನೇ.

ಆಸ್ಪತ್ರೆಗೆ ಹೋಗದ ಆಂಬುಲೆನ್ಸ್

2006ರ ನವೆಂಬರ್. ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ಕೇಸ್ ವೆಲ್ಡ್‌ಬೂರ್ ಎಂಬ ಆಂಬುಲೆನ್ಸ್ ಚಾಲಕ ಸಾವಿನ ಹತ್ತಿರವಿದ್ದ ರೋಗಿಯೊಬ್ಬರನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಬೇಕಿತ್ತು. ಸ್ಟ್ರೆಚರ್ ಮೇಲೆ ಮಲಗಿಸಿದ ಮೇಲೆ ತಿಳಿಯಿತು, ಆ ಕಡೆಯ ಆಸ್ಪತ್ರೆ ಇನ್ನೂ ಸಿದ್ಧವಾಗಿಲ್ಲ. ಮೂರು ತಿಂಗಳು ಕಳೆದಿದ್ದ ಅದೇ ಮಂಚಕ್ಕೆ ಮರಳಲು ರೋಗಿಗೆ ಮನಸ್ಸಿಲ್ಲ. ಎಲ್ಲಿಗಾದರೂ ಹೋಗಬೇಕೆನಿಸುತ್ತದೆಯೇ ಎಂದು ವೆಲ್ಡ್‌ಬೂರ್ ಕೇಳಿದರು. ಆ ರೋಗಿ ನಿವೃತ್ತ ನಾವಿಕ. ಬಂದರು ನೋಡಬೇಕು ಎಂದರು. ಆಂಬುಲೆನ್ಸ್ ಬಂದರಿನತ್ತ ತಿರುಗಿತು.

ಮರುವರ್ಷ ವೆಲ್ಡ್‌ಬೂರ್ ‘ಆಂಬುಲೆನ್ಸ್ ವೆನ್ಸ್’, ಅಂದರೆ ಬಯಕೆಯ ಆಂಬುಲೆನ್ಸ್, ಎಂಬ ಸಂಸ್ಥೆ ಕಟ್ಟಿದರು. ಮಲಗಿಸಿಕೊಂಡೇ ಸಾಗಿಸಬೇಕಾದ, ಬದುಕು ಮುಗಿಯುತ್ತ ಬಂದ ರೋಗಿಗಳನ್ನು ಅವರು ಹೇಳಿದ ಜಾಗಕ್ಕೆ ಹಣ ಪಡೆಯದೆ ಕರೆದೊಯ್ಯುವುದು ಇದರ ಕೆಲಸ. ಚಾಲಕರು, ದಾದಿಯರು ಎಲ್ಲರೂ ಸ್ವಯಂಸೇವಕರು. 2017ರ ಹೊತ್ತಿಗೆ ಸುಮಾರು 11,000 ಬಯಕೆಗಳು ಈಡೇರಿದ್ದವು. ಕೆಲವರು ಸಮುದ್ರ ಕೇಳುತ್ತಾರೆ, ಕೆಲವರು ಮೊಮ್ಮಗಳ ಮದುವೆ, ಒಬ್ಬರು ರೆಂಬ್ರಾಂಟ್‌ನ ಚಿತ್ರಗಳ ಮುಂದೆ ಸ್ಟ್ರೆಚರ್ ನಿಲ್ಲಿಸಿ ಎಂದಿದ್ದರು. ಹಾಗೆಯೇ ತಮ್ಮ ತಂಡದ ಫುಟ್‌ಬಾಲ್ ಮೈದಾನ ಕೇಳುವವರೂ ಉಂಟು. 2014ರಲ್ಲಿ ಜರ್ಮನಿಯ ಎಎಸ್‌ಬಿ ಎಂಬ ಸೇವಾಸಂಸ್ಥೆ ಇದೇ ಬಗೆಯ ‘ವುನ್ಶೆವಾಗನ್’ ವಾಹನವನ್ನು ಶುರು ಮಾಡಿ, ನಂತರ ಇಡೀ ದೇಶಕ್ಕೆ ವಿಸ್ತರಿಸಿತು. ಅಲ್ಲಿಯೂ ಸ್ವಯಂಸೇವಕರೇ ಆಧಾರ.

ಅದೇ ರೋಟರ್‌ಡ್ಯಾಮ್‌ನ ಫೆಯನೂರ್ಡ್ ಕ್ಲಬ್ಬಿನ ಹಳೆಯ ಅಭಿಮಾನಿಯೊಬ್ಬರ ಕಥೆ 2013ರ ಬೇಸಿಗೆಯಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಕ್ಯಾನ್ಸರ್ ಕೊನೆಯ ಘಟ್ಟ ಮುಟ್ಟಿತ್ತು. ಹೊಸ ಲೀಗ್ ಶುರುವಾಗಲು ಇನ್ನೂ ವಾರಗಳಿದ್ದವು, ಅವರಿಗೆ ಅಷ್ಟು ಸಮಯ ಉಳಿದಿರಲಿಲ್ಲ. ಹಾಗಾಗಿ ಅವರನ್ನು ಕರೆತಂದದ್ದು ತಂಡದ ಅಭ್ಯಾಸಕ್ಕೆ. ಜೊತೆಯ ಅಭಿಮಾನಿಗಳು ಅವರ ಮುಖವಿದ್ದ ಭಾರೀ ಬಟ್ಟೆಯ ಚಿತ್ರ ಬಿಚ್ಚಿದರು, ಹಾಡಿದರು, ಆಟಗಾರರು ಸ್ಟ್ರೆಚರ್ ಬಳಿ ಬಂದು ಮಾತಾಡಿಸಿದರು. ಕೆಲವೇ ದಿನಗಳಲ್ಲಿ ಅವರು ಹೋದರು. ಅಂದು ಗೋಲು ಎಣಿಸುವ ಆಟವೇ ಇರಲಿಲ್ಲ, ಆದರೂ ಅಭಿಮಾನಿಯ ಪಾಲಿಗೆ ಯಾವುದೂ ಕಡಿಮೆಯಾಗಲಿಲ್ಲ.

ಇಂಗ್ಲೆಂಡ್ ಫುಟ್‌ಬಾಲ್ ತಂಡದ ಮಾಜಿ ಕೋಚ್, ಸ್ವೀಡನ್ನಿನ ಸ್ವೆನ್-ಯೊರಾನ್ ಎರಿಕ್ಸನ್ 2024ರ ಜನವರಿಯಲ್ಲಿ ತಮಗೆ ಕ್ಯಾನ್ಸರ್ ಇದೆ, ಹೆಚ್ಚೆಂದರೆ ಒಂದು ವರ್ಷ ಎಂದು ಬಹಿರಂಗವಾಗಿ ಹೇಳಿದರು. ಅವರು, ಅವರ ತಂದೆ, ಇಬ್ಬರೂ ಲಿವರ್‌ಪೂಲ್ ಅಭಿಮಾನಿಗಳು. ಆ ತಂಡಕ್ಕೆ ಕೋಚ್ ಆಗಬೇಕೆಂಬ ಆಸೆ ಈಡೇರಿರಲಿಲ್ಲ. ಲಿವರ್‌ಪೂಲ್ ಕ್ಲಬ್ ತಡಮಾಡಲಿಲ್ಲ. ಮೂರು ತಿಂಗಳೊಳಗೆ, ಮಾರ್ಚ್ 23ರಂದು, ನಿವೃತ್ತ ಆಟಗಾರರ ಸಹಾಯಾರ್ಥ ಪಂದ್ಯದಲ್ಲಿ ತಂಡದ ಬೆಂಚಿನ ಮೇಲೆ ಅವರನ್ನು ಕೂರಿಸಿತು. ಅಯಾಕ್ಸ್‌ನ ಹಳಬರ ವಿರುದ್ಧ ಎರಡು ಗೋಲು ಹಿಂದಿದ್ದ ಲಿವರ್‌ಪೂಲ್ 4-2ರಿಂದ ಗೆದ್ದಿತು. ಆಗಸ್ಟ್ 26ರಂದು ಎರಿಕ್ಸನ್ ನಿಧನರಾದರು. ಆಗಸ್ಟ್‌ನಲ್ಲಿ ಶುರುವಾಗುವ ಹೊಸ ಋತುವಿಗೆ ಎಂದು ಮುಂದೂಡಿದ್ದರೆ ಆ ದಿನ ಬಹುಶಃ ಬರುತ್ತಲೇ ಇರಲಿಲ್ಲ.

ಯಾವ ಆಟ, ಎಷ್ಟು ಹೊತ್ತು

ಕರ್ನಾಟಕದ ಮನೆಯೊಂದರಲ್ಲಿ ಇದೇ ಯೋಚನೆ ಬಂದರೆ ಮೊದಲು ನೆನಪಾಗುವುದು ಚಿನ್ನಸ್ವಾಮಿ ಕ್ರೀಡಾಂಗಣ, ಐಪಿಎಲ್, ಆರ್‌ಸಿಬಿ. ರೋಗಿಯ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಕಷ್ಟದ ಆಯ್ಕೆ ಇನ್ನೊಂದಿಲ್ಲ. ರಾತ್ರಿ ಏಳೂವರೆಗೆ ಶುರುವಾದ ಪಂದ್ಯ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಸರದಿಗೆಂದು ಎರಡು ಗಂಟೆ ಮೊದಲೇ ಹೊರಡಬೇಕು. ಡಿಜೆ ಸದ್ದು, ಪಟಾಕಿ ಹೊಗೆ, ಎದ್ದು ನಿಂತೇ ನೋಡುವ ಮುಂದಿನ ಸಾಲು. ಗುಂಪು ಕೈಮೀರಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. 18ನೇ ಋತುವಿನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಗೆದ್ದ ಮರುದಿನ, 2025ರ ಜೂನ್ 4ರಂದು, ಕ್ರೀಡಾಂಗಣದ ಗೇಟುಗಳ ಹೊರಗೆ ನಡೆದ ಕಾಲ್ತುಳಿತದಲ್ಲಿ 11 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಗಟ್ಟಿಮುಟ್ಟಾದ ಯುವಜನರು.

ಅದೇ ಕ್ರಿಕೆಟ್ಟಿನ ಇನ್ನೊಂದು ಮುಖ ರಣಜಿ ಟ್ರೋಫಿ. ಶಿವಮೊಗ್ಗದ ನವುಲೆ, ಹುಬ್ಬಳ್ಳಿಯ ರಾಜನಗರ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ಬೆಂಗಳೂರಿನ ಅಂಚಿನ ಆಲೂರು ಮೈದಾನಗಳಲ್ಲಿ ಈ ದರ್ಜೆಯ ಪಂದ್ಯಗಳು ನಡೆದಿವೆ. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ನೂಕುನುಗ್ಗಲಿಲ್ಲ. ಬೆಳಗ್ಗೆ ಹತ್ತಕ್ಕೆ ಬಂದು ಹನ್ನೊಂದೂವರೆಗೆ ಎದ್ದು ಹೋದರೂ ಏನನ್ನೋ ಅರ್ಧಕ್ಕೆ ಬಿಟ್ಟ ಭಾವನೆ ಬರದು, ಏಕೆಂದರೆ ನಾಲ್ಕು ದಿನದ ಆಟದಲ್ಲಿ ಎಲ್ಲರೂ ತುಣುಕುಗಳನ್ನೇ ನೋಡುವುದು. ಹೊಸ ಚೆಂಡಿನ ಮೊದಲ ಹತ್ತು ಓವರ್, ಒಬ್ಬ ಸ್ಪಿನ್ನರ್‌ನ ಒಂದು ಸ್ಪೆಲ್, ಊಟದ ವಿರಾಮಕ್ಕೆ ಮನೆ. ಹಳೆಯ ತಲೆಮಾರಿನವರಿಗೆ ಇದು ಪರಿಚಿತ ಲಯ ಕೂಡ.

ಹೊತ್ತಿನ ಲೆಕ್ಕ ಹಾಕಿದರೆ ಇನ್ನೂ ಅನುಕೂಲದ ಆಟಗಳಿವೆ. ಕಬಡ್ಡಿ 20 ನಿಮಿಷದ ಎರಡು ಅವಧಿ, ವಿರಾಮ ಸೇರಿ ಒಂದು ತಾಸಿನ ಆಸುಪಾಸು. ಒಳಾಂಗಣದಲ್ಲಿ ನಡೆದರೆ ಬಿಸಿಲು ಮಳೆಯ ಚಿಂತೆಯೂ ಇಲ್ಲ. ಹಾಕಿ ಈಗ 15 ನಿಮಿಷದ ನಾಲ್ಕು ಕಾಲು. ಫುಟ್‌ಬಾಲ್ 90 ನಿಮಿಷ, ನಡುವೆ 15 ನಿಮಿಷದ ಬಿಡುವು. ಅಷ್ಟು ಹೊತ್ತು ಕೂರಲಾಗದವರಿಗೆ ದ್ವಿತೀಯಾರ್ಧವೊಂದೇ ಸಾಕು.

ಕೊಡಗಿನ ಕುಟುಂಬ ಹಾಕಿಯಂಥ ಏರ್ಪಾಡು ಇಂಥ ಭೇಟಿಗೆ ಹೇಳಿ ಮಾಡಿಸಿದಂತಿದೆ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಪಂದ್ಯಾವಳಿಯಲ್ಲಿ 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ಆತಿಥ್ಯ ವಹಿಸಿದಾಗ 360 ತಂಡಗಳಿದ್ದವು. ಗಿನ್ನೆಸ್ ದಾಖಲೆಯೂ ಆಯಿತು. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದ ಆತಿಥ್ಯದಲ್ಲಿ 396 ತಂಡಗಳು ಸೇರಿದವು. ಜೆರ್ಸಿಯ ಮೇಲೆ ಮನೆತನದ ಹೆಸರು, ಆಡುವವನು ಮಗನೋ ಸೊಸೆಯೋ ಮೊಮ್ಮಗನೋ. ಅಂಥ ಮೈದಾನದ ಅಂಚಿನಲ್ಲಿ ಕುಳಿತ ಹಿರಿಯರು ಬರೀ ಪ್ರೇಕ್ಷಕರಲ್ಲ, ತಂಡದ ಯಜಮಾನರು. ಕರಾವಳಿಯ ಕಂಬಳವೂ ಹೀಗೆಯೇ. ಹಗಲು ರಾತ್ರಿ ನಡೆಯುವ ಓಟದಲ್ಲಿ ಯಾವ ಅರ್ಧ ಗಂಟೆ ಬೇಕೋ ಅದನ್ನು ಆರಿಸಿಕೊಳ್ಳಬಹುದು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ, ಊರಿನ ದಾರಿಯನ್ನು ದೇಹ ತಾಳದ ವಯಸ್ಸಿನವರಿಗೂ ಕೋಣಗಳ ಓಟ ನಗರದಲ್ಲೇ ಸಿಕ್ಕಿತ್ತು.

ವೈದ್ಯರ ಬಳಿ ಕೇಳಬೇಕಾದ್ದು

‘ಕರೆದುಕೊಂಡು ಹೋಗಬಹುದಾ ಡಾಕ್ಟ್ರೇ?’ ಎಂಬ ಪ್ರಶ್ನೆಗೆ ‘ಬೇಡ’ ಎನ್ನುವುದು ಯಾವ ವೈದ್ಯರಿಗೂ ಸುಲಭ. ಹೋಗುವುದೆಂದು ನಿಶ್ಚಯಿಸಿ, ‘ಹೇಗೆ ಹೋಗಬೇಕು?’ ಎಂದು ಕೇಳಿದಾಗ ಉಪಯೋಗದ ಉತ್ತರ ಬರುತ್ತದೆ. ಉಪಶಾಮಕ ಚಿಕಿತ್ಸೆಯ ತಜ್ಞರು ಇಂಥ ಪ್ರಶ್ನೆಗೆ ಒಗ್ಗಿದವರು, ಏಕೆಂದರೆ ನೋವು ಕಳೆದು ಬದುಕಿನ ಉಳಿದ ದಿನಗಳನ್ನು ಸಹನೀಯ ಮಾಡುವುದೇ ಅವರ ವೃತ್ತಿ. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಾಗ ಆರಂಭವಾದ ಈ ಹಾದಿ 1986ರಲ್ಲಿ ಮುಂಬೈಯ ಶಾಂತಿ ಆವೇದನಾ ಸದನದೊಂದಿಗೆ ಭಾರತಕ್ಕೆ ಬಂತು. ಬೆಂಗಳೂರಿನ ಮಾರತ್‌ಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ಕೇಳಬೇಕಾದ ಸಂಗತಿಗಳು ಕೆಲವೇ. ಕಿಮೊ ನಡೆಯುತ್ತಿದ್ದರೆ ದಿನಾಂಕ ಮುಖ್ಯ. ಹಲವು ಔಷಧಗಳಲ್ಲಿ ಡೋಸ್ ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಆಗ ಗುಂಪಿನ ನಡುವೆ ಕೂರುವುದು ಸೋಂಕನ್ನು ಕರೆದಂತೆ. ಮುಂದಿನ ಡೋಸ್‌ಗೆ ಎರಡು ಮೂರು ದಿನ ಮೊದಲಿನ ಹೊತ್ತು ಸಾಮಾನ್ಯವಾಗಿ ವಾಸಿ. ನೋವಿಗೆ ಬೇಗ ಕೆಲಸ ಮಾಡುವ ಬಗೆಯ ಮಾರ್ಫಿನ್ ಮಾತ್ರೆ ನುಂಗುವವರಿಗೆ ಅದರ ಪರಿಣಾಮ ಅರ್ಧ ಗಂಟೆಯೊಳಗೆ ಶುರುವಾಗಿ ಸುಮಾರು ನಾಲ್ಕು ಗಂಟೆ ಇರುತ್ತದೆ. ಹೊರಡುವ ಹೊತ್ತಿಗೆ ಒಂದು, ನಡುವೆ ನೋವು ಮೇಲೆದ್ದರೆ ಕೊಡಬೇಕಾದ ಹೆಚ್ಚುವರಿ ಡೋಸ್ ಇನ್ನೊಂದು, ಎರಡರ ಪ್ರಮಾಣವನ್ನೂ ವೈದ್ಯರಿಂದ ಬರೆಸಿಕೊಳ್ಳಬೇಕು. ಚೀಟಿ ಜೇಬಿನಲ್ಲಿರಬೇಕು, ಗೇಟಿನ ತಪಾಸಣೆಗೂ ಅದು ಬೇಕಾಗುತ್ತದೆ.

ಆಮ್ಲಜನಕದ ಲೆಕ್ಕ ಸರಳ ಗಣಿತ. ನಿಮಿಷಕ್ಕೆ 2 ಲೀಟರ್ ಬಳಸುವವರಿಗೆ 1,500 ಲೀಟರಿನ ಸಿಲಿಂಡರ್ ಸುಮಾರು 12 ಗಂಟೆ ಬರುತ್ತದೆ. ಆದರೆ ಅದನ್ನು ಸ್ಟ್ಯಾಂಡಿನ ಮೆಟ್ಟಿಲು ಹತ್ತಿಸುವವರು ಯಾರು? ಬ್ಯಾಟರಿಯ ಪುಟ್ಟ ಕಾನ್ಸನ್‌ಟ್ರೇಟರ್ ಬಾಡಿಗೆಗೆ ಸಿಕ್ಕರೆ ಹಗುರ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಮನೆಯಲ್ಲೇ ಒಂದು ದಿನ ಓಡಿಸಿ ನೋಡಿಕೊಳ್ಳಬೇಕು. ಮೂಳೆಗೆ ಹಬ್ಬಿದ ಕ್ಯಾನ್ಸರ್ ಇದ್ದವರಿಗೆ ಆಟಕ್ಕಿಂತ ದಾರಿಯೇ ದೊಡ್ಡ ಪರೀಕ್ಷೆ. ಪ್ರತಿ ಉಬ್ಬೂ ಸೊಂಟಕ್ಕೆ ಬಡಿಯುತ್ತದೆ. ಹತ್ತಿರದ ಊರಿನ ಸಣ್ಣ ಪಂದ್ಯ ದೂರದ ರಾಜಧಾನಿಯ ಫೈನಲ್‌ಗಿಂತ ಮೇಲು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಬಹಳ ಮನೆಗಳಲ್ಲಿ ಬಾಯಿಬಿಟ್ಟು ಹೇಳದ ತೊಡಕು ಮೂತ್ರದ್ದು. ಕೆಥೀಟರ್ ಚೀಲ, ವಯಸ್ಕರ ಡಯಾಪರ್, ಬದಲಿ ಬಟ್ಟೆ ಇಲ್ಲದೆ ಹೊರಟರೆ ಹಿರಿಯರು ನಾಚಿಕೆಯಿಂದ ಬೆಳಗ್ಗೆಯಿಂದ ನೀರನ್ನೇ ಕುಡಿಯದೆ ಕೂರುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಅದು ಅಪಾಯ. ಇಂಥದ್ದನ್ನು ಮಗನಿಗಿಂತ ಮನೆಗೆ ಬರುವ ದಾದಿ ಸಲೀಸಾಗಿ ಕೇಳಬಲ್ಲರು.

ಗೇಟಿನಿಂದ ಕುರ್ಚಿಯವರೆಗೆ

ರೋಗಿಯ ಕಡೆಯ ಸಿದ್ಧತೆ ಎಷ್ಟೇ ಇರಲಿ, ಮೈದಾನದ ಕಡೆಯಿಂದ ಬಾಗಿಲು ತೆರೆಯದಿದ್ದರೆ ಕೆಲಸ ಕೆಡುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಅಂಗವಿಕಲ ಪ್ರೇಕ್ಷಕರಿಗೆ ಬೇಕಾದ ಸೌಕರ್ಯಗಳನ್ನು 2017ರ ಆಗಸ್ಟ್ ಒಳಗೆ ಒದಗಿಸುವುದಾಗಿ 2015ರಲ್ಲಿ ಮಾತು ಕೊಟ್ಟವು. ಎಲ್ಲವೂ ಗಡುವಿನೊಳಗೆ ಆಗಲಿಲ್ಲ, ಆದರೆ ಗಾಲಿಕುರ್ಚಿಯ ಜಾಗ, ಜೊತೆಗೆ ಬರುವ ಸಹಾಯಕರಿಗೆ ಉಚಿತ ಟಿಕೆಟ್ ಅಲ್ಲಿ ಈಗ ರೂಢಿ. 2019ರ ಜುಲೈ 2ರಂದು ಎಜ್‌ಬಾಸ್ಟನ್‌ನಲ್ಲಿ ಭಾರತ ಮತ್ತು ಬಾಂಗ್ಲಾದೇಶ ನಡುವಿನ ವಿಶ್ವಕಪ್ ಪಂದ್ಯದಲ್ಲಿ ಪೀಪಿ ಊದಿ ಕ್ಯಾಮೆರಾಗಳನ್ನೆಲ್ಲ ಸೆಳೆದ 87ರ ಚಾರುಲತಾ ಪಟೇಲ್ ಕಾಯಿಲೆಯಿಂದ ಮಲಗಿದವರಲ್ಲ, ಆದರೆ ಗಾಲಿಕುರ್ಚಿ ಬೇಕಿದ್ದವರು. ಜೊತೆಯಲ್ಲಿ ಮೊಮ್ಮಗಳಿದ್ದಳು. ಶತಕ ಹೊಡೆದ ರೋಹಿತ್ ಶರ್ಮ, ನಾಯಕ ವಿರಾಟ್ ಕೊಹ್ಲಿ ಪಂದ್ಯ ಮುಗಿದ ಮೇಲೆ ಅವರ ಬಳಿ ಬಂದು ಆಶೀರ್ವಾದ ಪಡೆದರು. 2020ರ ಜನವರಿಯಲ್ಲಿ ಅವರು ತೀರಿಕೊಂಡರು. ಆ ಚಿತ್ರ ನೋಡಿ ಮೆಚ್ಚಿದವರೆಲ್ಲ ಗಮನಿಸದ ಸಂಗತಿಯೊಂದಿದೆ: ಆ ಅಜ್ಜಿ ಆ ಜಾಗ ತಲುಪಲು ಸಾಧ್ಯವಾದದ್ದು ಅಲ್ಲಿಗೆ ದಾರಿಯಿದ್ದುದರಿಂದ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ರೀಡಾ ಸೌಕರ್ಯಗಳನ್ನು ಅಂಗವಿಕಲರಿಗೂ ಒಗ್ಗುವಂತೆ ಮರುರೂಪಿಸಬೇಕು ಎನ್ನುತ್ತದೆ. ಸಾರ್ವಜನಿಕ ಸ್ಥಳಗಳ ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು. ಕಾಗದದಿಂದ ಕಾಂಕ್ರೀಟಿಗೆ ಇಳಿಯುವುದು ಬಾಕಿ. ಅಲ್ಲಿಯವರೆಗೆ ಮನೆಯವರೇ ಒಂದು ದಿನ ಮೊದಲು ಮೈದಾನಕ್ಕೆ ಹೋಗಿ ನೋಡಿಬರುವುದು ಒಳ್ಳೆಯದು. ಕಾರು ಎಲ್ಲಿಯವರೆಗೆ ಬರುತ್ತದೆ, ಇಳಿಜಾರು ಇದೆಯೇ ಅಥವಾ ಮೆಟ್ಟಿಲೇ, ಶೌಚಾಲಯದ ಬಾಗಿಲಿನೊಳಗೆ ಗಾಲಿಕುರ್ಚಿ ತೂರುತ್ತದೆಯೇ, ನೆರಳು ಯಾವ ಕಡೆ, ಆಂಬುಲೆನ್ಸ್ ನಿಲ್ಲುವುದು ಎಲ್ಲಿ. ಆಯೋಜಕರಿಗೆ ಮೊದಲೇ ತಿಳಿಸಿದರೆ ಗೇಟಿನಲ್ಲಿ ವಾದಿಸುವ ಪ್ರಮೇಯ ತಪ್ಪುತ್ತದೆ. ಪಂದ್ಯ ಮುಗಿಯುವ ಕಾಲು ಗಂಟೆ ಮೊದಲೇ ಹೊರಡುವುದು ಒಳ್ಳೆಯದು. ಕೊನೆಯ ಓವರ್‌ಗೆ ಆಸೆಪಟ್ಟು ಕುಳಿತರೆ ಎಲ್ಲರೂ ಹೊರಬರುವವರೆಗೂ ಕಾಯುವ ತಾಳ್ಮೆ ಇರಬೇಕು.

ಕೇರಳದ ಅನುಭವ ಇಲ್ಲಿ ಪಾಠವಾಗಬಲ್ಲದು. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಶುರುವಾದ ಉಪಶಾಮಕ ಆರೈಕೆಯ ಚಳವಳಿ ಮಲಪ್ಪುರಂನಂಥ ಜಿಲ್ಲೆಗಳಲ್ಲಿ ನೆರೆಹೊರೆಯವರನ್ನೇ ತರಬೇತುಗೊಳಿಸಿ ಬೆಳೆಯಿತು. ಹಾಸಿಗೆ ಹಿಡಿದವರ ಹೊಣೆಯನ್ನು ಬೀದಿಯೇ ಹಂಚಿಕೊಳ್ಳುವ ಪದ್ಧತಿ ಅದು. ಮಲಪ್ಪುರಂ ಏಳು ಜನರ ತಂಡಗಳ ‘ಸೆವೆನ್ಸ್’ ಫುಟ್‌ಬಾಲ್ ಹುಚ್ಚಿನ ನೆಲವೂ ಹೌದು. ಕುರ್ಚಿಯ ನಾಲ್ಕು ಮೂಲೆ ಹಿಡಿಯಲು ನಾಲ್ಕು ಜನ ಸಿಗುವ ಊರಿನಲ್ಲಿ ಮೆಟ್ಟಿಲು ಅಷ್ಟು ದೊಡ್ಡ ಅಡ್ಡಿಯಾಗದು. ನಮ್ಮ ಊರುಗಳ ಯುವಕ ಸಂಘಗಳು, ಕ್ರಿಕೆಟ್ ಕ್ಲಬ್ಬುಗಳು ಟೂರ್ನಿ ನಡೆಸುವಾಗ ಪೆಂಡಾಲಿನ ಅತಿಥಿ ಸಾಲಿನಲ್ಲಿ ರಾಜಕಾರಣಿಗಳ ಜೊತೆ ಊರಿನ ಕಾಯಿಲೆಯ ಹಿರಿಯರಿಗೂ ನಾಲ್ಕು ಕುರ್ಚಿ ಇಡಬಹುದು.

ನೆನಪು ಮಾಸಿದವರಿಗೆ

ಮರೆವಿನ ಕಾಯಿಲೆ ಇರುವವರ ವಿಷಯ ಬೇರೆ. ಸ್ಕಾಟ್ಲೆಂಡಿನಲ್ಲಿ 2009ರ ಸುಮಾರಿಗೆ ಫುಟ್‌ಬಾಲ್ ವಸ್ತುಸಂಗ್ರಹಾಲಯ ಮತ್ತು ಅಲ್ಝೈಮರ್ ಸಂಸ್ಥೆ ಸೇರಿ ‘ಫುಟ್‌ಬಾಲ್ ಮೆಮೊರೀಸ್’ ಎಂಬ ಕೂಟ ಶುರು ಮಾಡಿದವು. ಹಳೆಯ ಪಂದ್ಯಗಳ ಫೋಟೊ, ಕಾರ್ಯಕ್ರಮಪಟ್ಟಿ ಮುಂದಿಟ್ಟು ಮಾತಿಗೆಳೆಯುವುದು ಅಲ್ಲಿನ ಕ್ರಮ. ನಿನ್ನೆಯ ಊಟ ನೆನಪಿಲ್ಲದವರು ಹರೆಯದಲ್ಲಿ ಕಂಡ ಗೋಲಿನ ಬಗ್ಗೆ ಮಾತಾಡುತ್ತಾರೆ, ಏಕೆಂದರೆ ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮಿದುಳಿನಲ್ಲಿ ಗಟ್ಟಿಯಾಗಿ ಬೇರೂರಿರುತ್ತವೆ.

ಕರ್ನಾಟಕದ ಹಲವು ಹಿರಿಯರಿಗೆ ಅಂಥ ನೆನಪು 1974ರದು. ಬಾಂಬೆ ತಂಡ ಸತತ 15 ವರ್ಷ ರಣಜಿ ಗೆದ್ದಿತ್ತು. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕದ ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು, ಪ್ರಸನ್ನ ಅವರ ಎಸೆತಕ್ಕೆ ಗಾವಸ್ಕರ್ ಬೌಲ್ಡ್ ಆದರು, ಬಾಂಬೆಯ ಸರಣಿ ಮುರಿಯಿತು. ಕರ್ನಾಟಕ ಮುಂದೆ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ಎತ್ತಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ನಡೆದು, ವೆಸ್ಟ್ ಇಂಡೀಸ್‌ನ ಗ್ರೀನಿಜ್, ರಿಚರ್ಡ್ಸ್ ಅಲ್ಲೇ ಪದಾರ್ಪಣೆ ಮಾಡಿದರು. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಇಂಥವರನ್ನು ರಣಜಿ ಪಂದ್ಯಕ್ಕೆ ಕರೆದೊಯ್ದರೆ ಈಗಿನ ಆಟಗಾರರ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಗದ್ದಲವಿಲ್ಲದ ಸ್ಟ್ಯಾಂಡು, ಜೊತೆಗೊಬ್ಬ ಪರಿಚಿತ ಮುಖ, ಬೇಸರವಾದ ಕ್ಷಣ ಎದ್ದು ಬರುವ ಸ್ವಾತಂತ್ರ್ಯ ಇದ್ದರೆ ಸಾಕು. ಐಪಿಎಲ್‌ನ ಬೆಳಕು, ಸದ್ದು ಇಂಥವರನ್ನು ಗಾಬರಿಗೊಳಿಸುವ ಸಂಭವವೇ ಹೆಚ್ಚು.

ಹೋಗಬಾರದ ಸಂದರ್ಭಗಳೂ ಇವೆ. ಜ್ವರ ಇದ್ದರೆ, ನೋವು ಹಿಡಿತಕ್ಕೆ ಬಂದಿರದಿದ್ದರೆ, ಆ ದಿನ ಬೆಳಗ್ಗೆ ಹಿರಿಯರೇ ‘ಇವತ್ತು ಬೇಡ’ ಎಂದರೆ ಟಿಕೆಟ್ಟಿನ ದುಡ್ಡು ಹೋಯಿತೆಂದು ಬಿಟ್ಟುಬಿಡಬೇಕು. ಮಕ್ಕಳ ಆಸೆಗಾಗಿ, ಫೋಟೊಗಾಗಿ ರೋಗಿಯನ್ನು ಎಬ್ಬಿಸಿ ಕರೆದೊಯ್ಯುವುದು ಸೇವೆಯಲ್ಲ. ರೋಗದ ಹೆಸರನ್ನೇ ಹಿರಿಯರಿಂದ ಮುಚ್ಚಿಡುವ ಮನೆಗಳಲ್ಲಿ ‘ಕೊನೆಯ ಆಸೆ’ ಎಂಬ ಮಾತೆತ್ತುವುದು ಕಷ್ಟ. ಎತ್ತಬೇಕಾಗಿಯೂ ಇಲ್ಲ. ‘ಭಾನುವಾರ ಮ್ಯಾಚಿದೆ, ಬರ್ತೀರಾ?’ ಎಂದರೆ ಆಯಿತು. ಉತ್ತರ ಅವರದು.

ರಾಜ್ಯದ ಕ್ರೀಡಾ ಸಂಸ್ಥೆಗಳು ಪ್ರತಿ ಪಂದ್ಯಕ್ಕೂ, ಅದು ಅಂತರರಾಷ್ಟ್ರೀಯವಿರಲಿ ಜಿಲ್ಲಾ ಮಟ್ಟದ್ದಿರಲಿ, ಕಾಯಿಲೆಯ ಹಿರಿಯರಿಗೂ ಜೊತೆಗಾರರಿಗೂ ಕೆಲವು ಆಸನ, ಗೇಟಿನ ಬಳಿ ಕಾರು ನಿಲ್ಲಿಸಲು ಜಾಗ, ಕರೆ ಮಾಡಿದರೆ ಎತ್ತುವ ಒಂದು ಫೋನ್ ಸಂಖ್ಯೆ ಇಡಲಿ. ಇದಕ್ಕೆ ಹೊಸ ಕ್ರೀಡಾಂಗಣ ಕಟ್ಟಬೇಕಿಲ್ಲ. ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ವಾರವೇ ಪಂದ್ಯಗಳ ವೇಳಾಪಟ್ಟಿ ತೆಗೆದು ನೋಡಿ. ಮನೆಗೆ ಹತ್ತಿರದ ಮೈದಾನ, ಎಲ್ಲಕ್ಕಿಂತ ಮೊದಲ ದಿನಾಂಕ, ಅತಿ ಕಡಿಮೆ ಗದ್ದಲದ ಪಂದ್ಯ ಆರಿಸಿ, ಅವರನ್ನು ಕೇಳಿ. ಫೈನಲ್‌ಗೆ ಕಾಯಬೇಡಿ.